ಪದವಿ ಬಿಟ್ಟರೂ ಬಿಡದ ಹೊಣೆ

ಮಗ್ಗೆಯ ಸುತ್ತಣ ಕಾಡನ್ನು ಕಂಡಾಗಲೆಲ್ಲ ನನಗೆ ಭದ್ರಾವತಿಯ ನೆನಪಾಗುತ್ತದೆ. ಮಲೆನಾಡಿನ ಮರದ ಇದ್ದಿಲಿನಿಂದ ಕಬ್ಬಿಣ ಕರಗಿಸುತ್ತಿದ್ದ ಅಲ್ಲಿನ ಕಾರ್ಖಾನೆ ವಿಶ್ವೇಶ್ವರಯ್ಯನವರ ಕನಸು. 1912ರಲ್ಲಿ ಮೈಸೂರಿನ ದಿವಾನರಾದ ಅವರು, ಸರ್ಕಾರಿ ಹುದ್ದೆಗಳ ಮೀಸಲಾತಿಯ ವಿಷಯದಲ್ಲಿ ಮಹಾರಾಜರೊಡನೆ ಮತಭೇದವುಂಟಾಗಿ, 1918ರಲ್ಲಿ ಪದವಿಯನ್ನು ತೊರೆದರು. 1923ರಲ್ಲಿ ಕುಲುಮೆ ಹೊತ್ತಿತು. ಅಷ್ಟರಲ್ಲಿ ಯುದ್ಧಕಾಲದ ಬೆಲೆ ಇಳಿದು, ಕಾರ್ಖಾನೆ ಬೊಕ್ಕಸಕ್ಕೆ ಭಾರವಾಯಿತು. ಆಗ ಸಂಸ್ಥಾನ ಕರೆದದ್ದು ಬಿಟ್ಟುಹೋದವರನ್ನೇ. ಅವರು ಬಂದರು, ಆಡಳಿತ ಮಂಡಲಿಯ ಅಧ್ಯಕ್ಷರಾಗಿ 1929ರವರೆಗೆ ದುಡಿದು, ವೆಚ್ಚ ತಗ್ಗಿಸಿ, ವಿದೇಶಿ ತಜ್ಞರ ಸ್ಥಾನಕ್ಕೆ ನಾಡಿನವರನ್ನು ಪಳಗಿಸಿದರು. ಸಂಸ್ಥೆಗಳ ಬಾಳಿನ ವಿರೋಧಾಭಾಸವಿದು: ಅಧಿಕಾರವಿದ್ದಾಗ ನೆಟ್ಟ ಗಿಡಕ್ಕೆ ಅಧಿಕಾರ ಕಳೆದ ಮೇಲೆ ನೀರೆರೆಯಬೇಕಾಗುತ್ತದೆ. ಮತಭೇದ ಮರೆತು ಕರೆದ ದೊರೆಯೂ ದೊಡ್ಡವರು. ಅಭಿಮಾನ ಬದಿಗಿಟ್ಟು ಬಂದ ಮಾಜಿ ದಿವಾನರೂ ದೊಡ್ಡವರು.