ಬಫಲೋ ಪಟ್ಟಣದ ಷರೀಫ ಗ್ರೋವರ್ ಕ್ಲೀವ್‌ಲೆಂಡ್

ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷಪದವಿಯನ್ನು ಕಳೆದುಕೊಂಡು, ನಾಲ್ಕು ವರ್ಷಗಳ ತರುವಾಯ ಮರಳಿ ಅದನ್ನೇರಿದವರಲ್ಲಿ ಮೊದಲಿಗನೆಂದು ಗ್ರೋವರ್ ಕ್ಲೀವ್‌ಲೆಂಡನು ಪ್ರಸಿದ್ಧನಾಗಿದ್ದಾನೆ. ಆದರೆ ಅದಕ್ಕೆ ಬಹು ಪೂರ್ವದಲ್ಲಿ ಆತನು ನಿರ್ವಹಿಸಿದ ಒಂದು ಸಣ್ಣ ಅಧಿಕಾರದ ಸಂಗತಿಯನ್ನು ಬಲ್ಲವರು ವಿರಳ. ಆತನ ಸ್ವಭಾವವನ್ನು ಅರಿಯಲು ಅದೇ ತಕ್ಕ ಸ್ಥಳವೆಂದು ನಮಗೆ ತೋರುತ್ತದೆ.

ಈತನು 1837ನೆಯ ಇಸವಿ ಮಾರ್ಚ್ 18ರಂದು ನ್ಯೂಜರ್ಸಿ ಸಂಸ್ಥಾನದ ಕಾಲ್ಡ್‌ವೆಲ್ ಎಂಬಲ್ಲಿ ಜನಿಸಿದನು. ತಂದೆಯು ಕ್ರೈಸ್ತ ಧರ್ಮೋಪದೇಶಕನು; ಮಕ್ಕಳು ಒಂಬತ್ತು ಮಂದಿ, ಸಂಪತ್ತು ಅತ್ಯಲ್ಪ. 1853ರಲ್ಲಿ ತಂದೆಯು ದಿವಂಗತನಾಗಲು ಹದಿನಾರರ ಬಾಲಕನಿಗೆ ಉಚ್ಚ ವಿದ್ಯಾಭ್ಯಾಸದ ಆಸೆಯು ಅಲ್ಲಿಗೇ ನಿಂತಿತು. ನ್ಯೂಯಾರ್ಕಿನ ಅಂಧರ ಪಾಠಶಾಲೆಯಲ್ಲಿ ಕೆಲಕಾಲ ದುಡಿದು, 1855ರಲ್ಲಿ ಬಫಲೋ ಪಟ್ಟಣವನ್ನು ಸೇರಿ, ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿದ್ದುಕೊಂಡೇ ನ್ಯಾಯಶಾಸ್ತ್ರವನ್ನು ಓದಿ, 1859ರಲ್ಲಿ ವಕೀಲನಾದನು.

ಆಗ ಆ ದೇಶದಲ್ಲಿ ಅಂತರ್ಯುದ್ಧವೊದಗಿತು. 1863ರ ಕಾಯಿದೆಯಂತೆ ಸೈನ್ಯಕ್ಕೆ ಕರೆಯಲ್ಪಟ್ಟವನು ತನಗೆ ಬದಲಾಗಿ ಇನ್ನೊಬ್ಬನನ್ನು ಹಣ ಕೊಟ್ಟು ಕಳುಹಿಸಬಹುದಾಗಿತ್ತು. ಇಬ್ಬರು ಸಹೋದರರು ಯುದ್ಧದಲ್ಲಿದ್ದರು. ತಾಯಿಯ ಪೋಷಣೆಯ ಭಾರವು ಕ್ಲೀವ್‌ಲೆಂಡನ ಮೇಲಿತ್ತು. ಆತನು ಪೋಲೆಂಡಿನಿಂದ ವಲಸೆ ಬಂದವನೊಬ್ಬನಿಗೆ 150 ಡಾಲರುಗಳನ್ನು ಕೊಟ್ಟು ತಾನು ಮನೆಯಲ್ಲುಳಿದನು. ಇದರಲ್ಲಿ ಕಾಯಿದೆಯ ಭಂಗವಿಲ್ಲ. ಆದರೂ ವಾಚಕರು ಈ ಮಾತನ್ನು ನೆನಪಿನಲ್ಲಿಡಬೇಕು.

1870ರ ಚುನಾವಣೆಯಲ್ಲಿ ಆತನು ಈರೀ ಜಿಲ್ಲೆಯ ಷರೀಫನಾಗಿ ಆರಿಸಲ್ಪಟ್ಟನು. ನಮ್ಮ ಮುಂಬಯಿಯ ಷರೀಫ ಪದವಿಯು ಕೇವಲ ಗೌರವಕ್ಕಾಗಿರುವುದು. ಅಲ್ಲಿನದು ಹಾಗಿರಲಿಲ್ಲ, ಸೆರೆಮನೆಯನ್ನು ನೋಡಿಕೊಳ್ಳುವುದೂ, ಕೋರ್ಟಿನ ತೀರ್ಪುಗಳನ್ನು ನಡೆಸುವುದೂ, ಮರಣದಂಡನೆಯನ್ನು ಜಾರಿಮಾಡುವುದೂ ಆಗ ಆ ಅಧಿಕಾರಿಯ ಹೊಣೆಯಾಗಿತ್ತು. 1872ರಲ್ಲಿ ತಾಯಿಯನ್ನೇ ಕೊಂದ ಪ್ಯಾಟ್ರಿಕ್ ಮೊರಿಸ್ಸಿ ಎಂಬವನಿಗೆ ಗಲ್ಲು ವಿಧಿಸಲ್ಪಟ್ಟಿತು. ಕೈಕೆಳಗಿನ ನೌಕರನಿಗೆ 10 ಡಾಲರು ಕೊಟ್ಟಿದ್ದರೆ ಆ ಘೋರ ಕಾರ್ಯವು ತನ್ನ ಕೈ ತಪ್ಪುತ್ತಿತ್ತು. ಆತನು ಕೊಡಲಿಲ್ಲ. ಪದವಿಯ ಫಲವನ್ನು ತಾನುಂಡು ಅದರ ಪಾಪಭಾರವನ್ನು ಬಡ ನೌಕರನ ಮೇಲೆ ಹೊರಿಸಲು ಆತನ ಮನಸ್ಸು ಒಪ್ಪಲಿಲ್ಲ. ಸೆಪ್ಟೆಂಬರ್ 6ರಂದು ಮರೆಯಲ್ಲಿ ನಿಂತು ನೇಣುಗಂಬದ ಕೀಲನ್ನು ತಾನೇ ಸೆಳೆದನು. 1873ರ ಫೆಬ್ರವರಿ 14ರಂದು ಜಾನ್ ಗ್ಯಾಫ್ನಿ ಎಂಬವನ ವಿಷಯದಲ್ಲಿಯೂ ಹೀಗೆಯೇ ನಡೆಯಿತು. ಹತ್ತು ವರ್ಷಗಳ ಹಿಂದೆ ಬದಲಾಳನ್ನು ಕೊಂಡವನು ಈಗ ಬದಲಾಳನ್ನು ಒಲ್ಲೆನೆಂದನು. ಆ ಮೊದಲ ಸಂಗತಿಯು ಆತನನ್ನು ಒಳಗೊಳಗೇ ಕೊರೆಯುತ್ತಿದ್ದಿತೋ ಏನೋ, ಬಲ್ಲವರಾರು?

1873ರ ಕೊನೆಗೆ ಪದವಿಯ ಅವಧಿಯು ತೀರಿ ಆತನು ವಕೀಲಿಗೆ ಮರಳಿದನು. 1882ರಲ್ಲಿ ಬಫಲೋ ನಗರದ ಮೇಯರನಾದನು. ನಗರಸಭೆಯವರು ಬೀದಿ ಗುಡಿಸುವ ಗುತ್ತಿಗೆಯನ್ನು, ಅತಿ ಕಡಿಮೆ ದರ ಕೇಳಿದವನನ್ನು ಬಿಟ್ಟು, ಅವನಿಗಿಂತ ಒಂದು ಲಕ್ಷ ಡಾಲರಿಗೂ ಹೆಚ್ಚು ಕೇಳಿದವನಿಗೆ ಕೊಡಲೊಪ್ಪಿದ್ದರು. ಮೇಯರನು ಆ ಠರಾವನ್ನು ನಿರಾಕರಿಸಿ, ಅದು ಜನರ ಹಣದ ಸೂರೆಯೆಂದು ಬಹಿರಂಗವಾಗಿ ಸಾರಿದನು, ಸಭೆಯು ಬಾಗಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ ನ್ಯೂಯಾರ್ಕ್ ಸಂಸ್ಥಾನದ ಜನರು 1,90,000ಕ್ಕೂ ಮಿಕ್ಕ ಮತಗಳ ಅಂತರದಿಂದ ಆತನನ್ನು ಗವರ್ನರನನ್ನಾಗಿ ಆರಿಸಿದರು.

ಗವರ್ನರನಾದ ಮೊದಲ ವರ್ಷದಲ್ಲಿಯೇ ಪರೀಕ್ಷೆಯೊದಗಿತು. ನ್ಯೂಯಾರ್ಕ್ ನಗರದ ಮೇಲ್ಸೇತುವೆ ರೈಲುಗಳ ದರವನ್ನು ಐದು ಸೆಂಟಿಗೆ ಇಳಿಸುವ ಮಸೂದೆಯನ್ನು ಶಾಸನಸಭೆಯು ಅಂಗೀಕರಿಸಿತ್ತು. ಬಡವರಿಗೆ ಪ್ರಿಯವಾದ ಮಸೂದೆ. ರೈಲುಗಳ ಒಡೆಯನಾದ ಜೇ ಗೌಲ್ಡನೋ ಜನರ ದ್ವೇಷಕ್ಕೆ ಪಾತ್ರನಾದವನು. ಆದರೂ ಸರಕಾರವು ತಾನು ಮಾಡಿಕೊಂಡ ಕರಾರನ್ನು ತಾನೇ ಮುರಿಯಬಾರದೆಂದು ಕ್ಲೀವ್‌ಲೆಂಡನು ಅದನ್ನು ತಳ್ಳಿಹಾಕಿದನು. ಕಾರ್ಮಿಕನ ಐದು ಸೆಂಟು ಅಲ್ಪವಲ್ಲ. ಆ ನಿರ್ಣಯವು ಎಲ್ಲರಿಗೂ ಸರಿತೋರಲಾರದು. ಆದರೆ ನಿಂದೆಗೆ ಅಂಜಿ ಹೊಣೆಯನ್ನು ಇನ್ನೊಬ್ಬರ ತಲೆಗೆ ಕಟ್ಟಲಿಲ್ಲವೆಂಬುದನ್ನು ವಿರೋಧಿಗಳೂ ಕಂಡರು. ಸ್ವಪಕ್ಷದ ಟ್ಯಾಮನಿ ಕೂಟದವರನ್ನು ಎದುರುಹಾಕಿಕೊಂಡು, ಎದುರುಪಕ್ಷದ ತರುಣ ಶಾಸಕ ಥಿಯೋಡರ್ ರೂಸ್‌ವೆಲ್ಟನೊಡನೆ ಸೇರಿ ನಗರಾಡಳಿತದ ಸುಧಾರಣೆಗಳನ್ನು ನಡೆಸಿದನು.

1884ರ ಅಧ್ಯಕ್ಷ ಚುನಾವಣೆಯಲ್ಲಿ ವಿರೋಧಿಗಳು ಬದಲಾಳಿನ ಕಥೆಯನ್ನೂ ಎತ್ತಿದರು, ಬಫಲೋದ ಕೊರಳುಬಿಗಿಯುವವನೆಂದೂ ಜರೆದರು. ವಿವಾಹವಿಲ್ಲದ ಸ್ತ್ರೀಯೋರ್ವಳ ಶಿಶುವಿಗೆ ಆತನೇ ತಂದೆಯೆಂಬ ಆರೋಪವು ಬರಲು, ತನ್ನವರಿಗೆ ಸತ್ಯವನ್ನೇ ಹೇಳಬೇಕೆಂದು ತಿಳಿಸಿ, ಶಿಶುವಿನ ಪೋಷಣೆಗೆ ಹಣ ಕೊಟ್ಟುದನ್ನು ಒಪ್ಪಿಕೊಂಡನು. ಆ ಸ್ತ್ರೀಯು ಆತನಿಂದ ತನಗೆ ಬಲಾತ್ಕಾರವಾಯಿತೆಂದು ಪ್ರಮಾಣಪೂರ್ವಕವಾಗಿ ಹೇಳಿದುದೂ ಉಂಟು. ಆತನ ಚರಿತ್ರೆಯನ್ನು ಬರೆಯುವವರು ಅದನ್ನು ಮುಚ್ಚಲಾಗದು. ನ್ಯೂಯಾರ್ಕ್ ಸಂಸ್ಥಾನದಲ್ಲಿ 1,200ಕ್ಕೂ ಕಡಿಮೆ ಮತಗಳ ಅಂತರದಿಂದ ಗೆದ್ದು, ಅದರಿಂದಲೇ ಅಧ್ಯಕ್ಷನಾದನು. 1885ರಿಂದ 1889ರ ವರೆಗೂ, ಪುನಃ 1893ರಿಂದ 1897ರ ವರೆಗೂ ಆಳಿ, ಪ್ರಿನ್ಸ್‌ಟನ್ ಊರಿನಲ್ಲಿ ನೆಲೆಸಿ, 1908ನೆಯ ಜೂನ್ 24ರಂದು ಅಲ್ಲಿಯೇ ಮರಣಹೊಂದಿದನು.