ಜೇಮ್ಸ್ ಪಾರ್ಕಿನ್ಸನ್

ಜೇಮ್ಸ್ ಪಾರ್ಕಿನ್ಸನ್ (11 ಏಪ್ರಿಲ್ 1755 – 21 ಡಿಸೆಂಬರ್ 1824) ಇಂಗ್ಲೆಂಡಿನ ಶಸ್ತ್ರವೈದ್ಯರು, ಔಷಧಿಕಾರರು, ಪಳೆಯುಳಿಕೆ ತಜ್ಞರು ಹಾಗೂ ರಾಜಕೀಯ ಸುಧಾರಣೆಯ ಪ್ರತಿಪಾದಕರು. 1817ರಲ್ಲಿ ಅವರು ಪ್ರಕಟಿಸಿದ 'ಆನ್ ಎಸ್ಸೇ ಆನ್ ದ ಶೇಕಿಂಗ್ ಪಾಲ್ಸಿ' ಎಂಬ ಕಿರುಹೊತ್ತಗೆಯಲ್ಲಿ ವರ್ಣಿತವಾದ ನಡುಕದ ರೋಗವನ್ನು ಇಂದು ಪಾರ್ಕಿನ್ಸನ್ ಕಾಯಿಲೆ ಎಂದು ಕರೆಯಲಾಗುತ್ತದೆ. ಕನ್ನಡದಲ್ಲಿ ಇದಕ್ಕೆ ಅದುರುವಾಯು ಎಂಬ ಹೆಸರೂ ಇದೆ. ರೋಗದ ಲಕ್ಷಣಗಳನ್ನು ಪಾರ್ಕಿನ್ಸನ್ ಬಹುಮಟ್ಟಿಗೆ ಸರಿಯಾಗಿ ಗುರುತಿಸಿದರು. ಆದರೆ ರೋಗದ ಮೂಲ ಮಿದುಳಿನ ಆಳದಲ್ಲಿರುವ ತಳದ ನರಗ್ರಂಥಿಗಳಲ್ಲಿದೆ ಎಂಬುದು ಅವರ ಮರಣದ ನಂತರ ಸುಮಾರು ಒಂದು ಶತಮಾನ ಕಳೆದ ಮೇಲೆ ತಿಳಿಯಿತು.

ಜನನ ಮತ್ತು ಶಿಕ್ಷಣ

ಪಾರ್ಕಿನ್ಸನ್ ಲಂಡನ್ನಿನ ಶೋರ್‌ಡಿಚ್ ಪ್ರದೇಶದ ಹಾಕ್ಸ್‌ಟನ್ ಸ್ಕ್ವೇರ್‌ನಲ್ಲಿ ಜನಿಸಿದರು. ತಂದೆ ಜಾನ್ ಪಾರ್ಕಿನ್ಸನ್ ಅಲ್ಲಿಯೇ ಔಷಧಿಕಾರರೂ ಶಸ್ತ್ರವೈದ್ಯರೂ ಆಗಿದ್ದರು. ಜೇಮ್ಸ್ ತಂದೆಯ ಬಳಿಯೇ ವೃತ್ತಿಯನ್ನು ಕಲಿತು, 1776ರಲ್ಲಿ ಲಂಡನ್ ಆಸ್ಪತ್ರೆಯಲ್ಲಿ ಕೆಲವು ತಿಂಗಳು ತರಬೇತಿ ಪಡೆದರು. ನೇಣು ಹಾಕಿಕೊಂಡಿದ್ದ ವ್ಯಕ್ತಿಯೊಬ್ಬರನ್ನು ಬದುಕಿಸಿದ್ದಕ್ಕಾಗಿ 1777ರಲ್ಲಿ ರಾಯಲ್ ಹ್ಯೂಮೇನ್ ಸೊಸೈಟಿಯ ಬೆಳ್ಳಿ ಪದಕ ಅವರಿಗೆ ದೊರೆಯಿತು. 1783ರಲ್ಲಿ ಮೇರಿ ಡೇಲ್ ಅವರನ್ನು ವಿವಾಹವಾದರು. ಮರುವರ್ಷ ತಂದೆ ತೀರಿಕೊಂಡರು. ಅದೇ 1784ರಲ್ಲಿ ಶಸ್ತ್ರವೈದ್ಯರಾಗಿ ಮಾನ್ಯತೆ ಪಡೆದ ಜೇಮ್ಸ್, ಹಾಕ್ಸ್‌ಟನ್ನಿನ ಚಿಕಿತ್ಸಾಲಯವನ್ನು ಮುಂದುವರಿಸಿದರು.

ಆ ಕಾಲದ ಪ್ರಸಿದ್ಧ ಅಂಗರಚನಾಶಾಸ್ತ್ರಜ್ಞ ಜಾನ್ ಹಂಟರ್ ಅವರ ಉಪನ್ಯಾಸಗಳನ್ನು 1785ರಲ್ಲಿ ಪಾರ್ಕಿನ್ಸನ್ ಕೇಳಿದರು. ಶೀಘ್ರಲಿಪಿ ಬಲ್ಲವರಾಗಿದ್ದ ಕಾರಣ ಅವುಗಳನ್ನು ವಿವರವಾಗಿ ಬರೆದಿಟ್ಟುಕೊಂಡರು. ಈ ಟಿಪ್ಪಣಿಗಳನ್ನು ಅವರ ಮಗ 1833ರಲ್ಲಿ ಪುಸ್ತಕರೂಪದಲ್ಲಿ ಹೊರತಂದರು. ವೈದ್ಯವಿದ್ಯಾರ್ಥಿಗಳು ಶೀಘ್ರಲಿಪಿ ಕಲಿಯಬೇಕೆಂಬುದು ಪಾರ್ಕಿನ್ಸನ್ ಅವರ ಅಭಿಪ್ರಾಯವಾಗಿತ್ತು.

ರಾಜಕೀಯ ಚಟುವಟಿಕೆ

ಫ್ರಾನ್ಸಿನ ಮಹಾಕ್ರಾಂತಿಯ ನಂತರದ ವರ್ಷಗಳಲ್ಲಿ ಇಂಗ್ಲೆಂಡಿನ ಸರ್ಕಾರ ಸುಧಾರಣಾವಾದಿಗಳನ್ನು ಸಂಶಯದಿಂದ ನೋಡುತ್ತಿತ್ತು. ಪಾರ್ಕಿನ್ಸನ್ ಲಂಡನ್ ಕರೆಸ್ಪಾಂಡಿಂಗ್ ಸೊಸೈಟಿಯ ಸದಸ್ಯರಾಗಿದ್ದರು. ಸಂಸತ್ತಿನಲ್ಲಿ ಜನಸಾಮಾನ್ಯರಿಗೆ ಪ್ರಾತಿನಿಧ್ಯ ಸಿಗಬೇಕು, ಬಡವರ ಮೇಲಿನ ತೆರಿಗೆಯ ಹೊರೆ ಇಳಿಯಬೇಕು ಎಂದು ವಾದಿಸುವ ಹಲವು ಕರಪತ್ರಗಳನ್ನು 'ಓಲ್ಡ್ ಹ್ಯೂಬರ್ಟ್' ಎಂಬ ಗುಪ್ತನಾಮದಲ್ಲಿ ಬರೆದರು.

1794ರಲ್ಲಿ ದೊರೆ ಮೂರನೆಯ ಜಾರ್ಜ್ ಅವರನ್ನು ನಾಟಕಶಾಲೆಯಲ್ಲಿ ವಿಷಲೇಪಿತ ಬಾಣದಿಂದ ಕೊಲ್ಲುವ ಸಂಚು ನಡೆದಿದೆ ಎಂಬ ಆರೋಪದ ಮೇಲೆ ಸೊಸೈಟಿಯ ಕೆಲವು ಸದಸ್ಯರು ಬಂಧಿತರಾದರು. ಇದು 'ಪಾಪ್‌ಗನ್ ಸಂಚು' ಎಂದು ಹೆಸರಾಯಿತು. ಪ್ರಧಾನಿ ವಿಲಿಯಂ ಪಿಟ್ ಅವರೂ ಉಪಸ್ಥಿತರಿದ್ದ ಪ್ರಿವಿ ಕೌನ್ಸಿಲ್ ಎದುರು ಪಾರ್ಕಿನ್ಸನ್ ಪ್ರಮಾಣವಚನದ ಮೇಲೆ ವಿಚಾರಣೆಗೆ ಒಳಗಾದರು. ತಮ್ಮ ಮೇಲೆಯೇ ದೋಷ ಬರುವಂತಹ ಪ್ರಶ್ನೆಗಳಿಗೆ ಉತ್ತರಿಸಬೇಕಿಲ್ಲ ಎಂಬ ಭರವಸೆ ಪಡೆದ ಮೇಲಷ್ಟೇ ಅವರು ಹೇಳಿಕೆ ನೀಡಿದರು. ಆಕ್ಷೇಪಿಸಲಾದ ಬರಹಗಳಲ್ಲಿ ಕೆಲವು ತಮ್ಮವೆಂದು ಒಪ್ಪಿಕೊಂಡರು. ರಾಜದ್ರೋಹಕ್ಕೆ ಮರಣದಂಡನೆ ವಿಧಿಸುತ್ತಿದ್ದ ಆ ಕಾಲದಲ್ಲಿ ಇದು ಅಪಾಯದ ನಡೆಯಾಗಿತ್ತು. ಅವರ ಮೇಲೆ ಮೊಕದ್ದಮೆ ಹೂಡಲಿಲ್ಲ. 1796ರಲ್ಲಿ ಆರೋಪಿಗಳೂ ಬಿಡುಗಡೆಯಾದರು. ಇದಾದ ಮೇಲೆ ಪಾರ್ಕಿನ್ಸನ್ ಅವರ ಬರವಣಿಗೆ ಹೆಚ್ಚಾಗಿ ವೈದ್ಯಕೀಯ ಮತ್ತು ಭೂವಿಜ್ಞಾನದ ಕಡೆಗೆ ತಿರುಗಿತು.

ವೈದ್ಯಕೀಯ ಬರಹಗಳು ಮತ್ತು ಭೂವಿಜ್ಞಾನ

1799ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಅವರು ಸಾಮಾನ್ಯ ಓದುಗರಿಗಾಗಿ 'ಮೆಡಿಕಲ್ ಅಡ್ಮೊನಿಷನ್ಸ್', ಹಳ್ಳಿಗರಿಗಾಗಿ 'ದ ವಿಲೇಜರ್ಸ್ ಫ್ರೆಂಡ್ ಅಂಡ್ ಫಿಸಿಷಿಯನ್' ಮತ್ತು ಮಕ್ಕಳ ಅಪಘಾತಗಳನ್ನು ತಡೆಯುವ ಉದ್ದೇಶದ 'ಡೇಂಜರಸ್ ಸ್ಪೋರ್ಟ್ಸ್' ಎಂಬ ಪುಸ್ತಕಗಳನ್ನು ಬರೆದರು. ಸ್ವತಃ ಸಂಧಿವಾತದಿಂದ ಬಳಲುತ್ತಿದ್ದ ಅವರು 1805ರಲ್ಲಿ ಆ ರೋಗದ ಬಗ್ಗೆಯೂ ಒಂದು ಗ್ರಂಥ ಪ್ರಕಟಿಸಿದರು. 1812ರಲ್ಲಿ ಮಗ ಜಾನ್ ಜೊತೆ ಪ್ರಕಟಿಸಿದ ವರದಿಯು, ಅಪೆಂಡಿಕ್ಸ್ ತೂತಾಗಿ ಸಾವು ಸಂಭವಿಸಿದ ಪ್ರಕರಣವನ್ನು ಇಂಗ್ಲಿಷಿನಲ್ಲಿ ವಿವರಿಸಿದ ಮೊದಲ ಬರಹವೆಂದು ಪರಿಗಣಿತವಾಗಿದೆ. ಶೋರ್‌ಡಿಚ್‌ನ ಬಡವರ ನೆಲೆಯಲ್ಲಿ ಚಿಕಿತ್ಸೆ ನೀಡುತ್ತಿದ್ದ ಅವರು, ಜ್ವರಪೀಡಿತರಿಗೆ ಪ್ರತ್ಯೇಕ ವಾರ್ಡು ಬೇಕೆಂದು ಒತ್ತಾಯಿಸಿದರು.

ತಮ್ಮ ಜೀವಿತಕಾಲದಲ್ಲಿ ಪಾರ್ಕಿನ್ಸನ್ ಹೆಚ್ಚು ಪ್ರಸಿದ್ಧರಾಗಿದ್ದುದು ಪಳೆಯುಳಿಕೆಗಳ ಅಧ್ಯಯನದಿಂದ. 'ಆರ್ಗ್ಯಾನಿಕ್ ರಿಮೇನ್ಸ್ ಆಫ್ ಎ ಫಾರ್ಮರ್ ವರ್ಲ್ಡ್' ಎಂಬ ಅವರ ಸಚಿತ್ರ ಗ್ರಂಥದ ಮೂರು ಸಂಪುಟಗಳು 1804, 1808 ಮತ್ತು 1811ರಲ್ಲಿ ಪ್ರಕಟವಾದವು. 1807ರ ನವೆಂಬರ್ 13ರಂದು ಲಂಡನ್ನಿನಲ್ಲಿ ಜಿಯಲಾಜಿಕಲ್ ಸೊಸೈಟಿಯನ್ನು ಸ್ಥಾಪಿಸಿದ 13 ಮಂದಿಯಲ್ಲಿ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯವರ ಜೊತೆಗೆ ಪಾರ್ಕಿನ್ಸನ್ ಕೂಡ ಒಬ್ಬರು. ಪಾರ್ಕಿನ್ಸೋನಿಯಾ ಎಂಬ ಅಮೋನೈಟ್ ಕುಲಕ್ಕೆ ಅವರ ಹೆಸರಿದೆ.

ನಡುಕದ ರೋಗದ ಕುರಿತ ಪ್ರಬಂಧ

1817ರಲ್ಲಿ, ತಮ್ಮ 62ನೆಯ ವಯಸ್ಸಿನಲ್ಲಿ, ಪಾರ್ಕಿನ್ಸನ್ 66 ಪುಟಗಳ ಪ್ರಬಂಧವನ್ನು ಪ್ರಕಟಿಸಿದರು. ಅದರಲ್ಲಿ ಆರು ಮಂದಿ ಪುರುಷರ ವಿವರಗಳಿವೆ. ಇವರೆಲ್ಲರೂ ಅವರ ರೋಗಿಗಳಲ್ಲ. ಇಬ್ಬರನ್ನು ಬೀದಿಯಲ್ಲಿ ಕಂಡು ಮಾತನಾಡಿಸಿ ವಿವರ ಪಡೆದರು. ಒಬ್ಬರನ್ನು ದೂರದಿಂದ ನೋಡಿದ್ದಷ್ಟೇ. ಅಂಗವು ವಿಶ್ರಾಂತಿಯಲ್ಲಿರುವಾಗಲೇ ಕಾಣಿಸಿಕೊಳ್ಳುವ ನಡುಕ, ಮುಂದಕ್ಕೆ ಬಾಗಿದ ಮೈ, ನಡೆಯುತ್ತಿದ್ದಂತೆ ತಾನಾಗಿಯೇ ಓಟಕ್ಕೆ ತಿರುಗುವ ಹೆಜ್ಜೆ, ನಿದ್ರಾಭಂಗ, ಮಲಬದ್ಧತೆ, ಕೊನೆಯ ಹಂತದಲ್ಲಿ ಮಾತು ಮತ್ತು ನುಂಗುವಿಕೆಯ ತೊಂದರೆ ಇವೆಲ್ಲವೂ ಬೇರೆ ಬೇರೆ ರೋಗಗಳಲ್ಲ, ನಿಧಾನವಾಗಿ ಬೆಳೆಯುವ ಒಂದೇ ರೋಗದ ಮುಖಗಳು ಎಂದು ತೋರಿಸಿದ್ದು ಈ ಪ್ರಬಂಧದ ಮುಖ್ಯ ಕೊಡುಗೆ.

ಆರನೆಯ ಪ್ರಕರಣ ವಿಶೇಷವಾದುದು. 72 ವರ್ಷದ ಈ ವ್ಯಕ್ತಿಗೆ ಬಹುಕಾಲದಿಂದ ನಡುಕವಿತ್ತು. ಒಂದು ದಿನ ಪಾರ್ಶ್ವವಾಯು ಬಡಿದು ಬಲಭಾಗ ಸ್ವಾಧೀನ ತಪ್ಪಿತು. ಅದರೊಡನೆ ಆ ಭಾಗದ ನಡುಕವೂ ನಿಂತಿತು. ಸುಮಾರು ಎರಡು ವಾರಗಳಲ್ಲಿ ಕೈಕಾಲುಗಳಿಗೆ ಶಕ್ತಿ ಮರಳಿದಾಗ ನಡುಕವೂ ಮರಳಿ ಬಂದಿತು. ಸ್ನಾಯುಗಳಿಗೆ ಚಲನೆಯ ಆದೇಶವನ್ನು ಒಯ್ಯುವ ನರಮಾರ್ಗವೇ ನಡುಕವನ್ನೂ ಒಯ್ಯುತ್ತದೆ ಎಂಬುದನ್ನು ಈ ಘಟನೆ ಸೂಚಿಸುತ್ತದೆ. ಆದರೆ ಅದನ್ನು ವಿವರಿಸಲು ಬೇಕಾದ ನರವಿಜ್ಞಾನ ಆಗ ಇರಲಿಲ್ಲ.

ಪ್ರಬಂಧಕ್ಕೆ ಮಿತಿಗಳೂ ಇದ್ದವು. ಸ್ನಾಯುಗಳ ಬಿಗಿತವನ್ನು ಪಾರ್ಕಿನ್ಸನ್ ಗುರುತಿಸಲಿಲ್ಲ. ಬುದ್ಧಿಶಕ್ತಿಗೆ ಈ ರೋಗದಿಂದ ಧಕ್ಕೆಯಿಲ್ಲ ಎಂದು ಭಾವಿಸಿದರು. ರೋಗದ ಮೂಲ ಕತ್ತಿನ ಭಾಗದ ಬೆನ್ನುಹುರಿಯಲ್ಲಿದೆ ಎಂದು ಊಹಿಸಿ, ಕತ್ತಿನಿಂದ ರಕ್ತ ತೆಗೆಯುವ ಮತ್ತು ಬೊಕ್ಕೆ ಬರಿಸಿ ಕೀವು ಹರಿಸುವ ಚಿಕಿತ್ಸೆಯನ್ನು ಸೂಚಿಸಿದರು. ಯಾವ ರೋಗಿಯ ಶವಪರೀಕ್ಷೆಯನ್ನೂ ಅವರು ಮಾಡಿರಲಿಲ್ಲ. ಮೂಲದ ಕುರಿತು ತಾವು ಹೇಳಿದ್ದು ಊಹೆಯೆಂದು ಮುನ್ನುಡಿಯಲ್ಲೇ ತಿಳಿಸಿ, ಅಂಗರಚನಾಶಾಸ್ತ್ರಜ್ಞರು ಇದನ್ನು ಮುಂದೆ ಪರಿಶೀಲಿಸಬೇಕೆಂದು ಕೋರಿದರು.

ನಂತರದ ಸಂಶೋಧನೆ

ಫ್ರಾನ್ಸಿನ ನರರೋಗ ತಜ್ಞ ಜೀನ್ ಮಾರ್ಟಿನ್ ಶಾರ್ಕೋ 19ನೆಯ ಶತಮಾನದ ಉತ್ತರಾರ್ಧದಲ್ಲಿ ಈ ರೋಗಕ್ಕೆ ಪಾರ್ಕಿನ್ಸನ್ ಅವರ ಹೆಸರಿಟ್ಟರು. ಸ್ನಾಯುಬಿಗಿತ ಮತ್ತು ಚಲನೆಯ ನಿಧಾನಗತಿಯನ್ನು ಅವರು ಸ್ಪಷ್ಟವಾಗಿ ಬೇರ್ಪಡಿಸಿದರು. ಮೈಯಲ್ಲಿ ಶಕ್ತಿಯಿದ್ದರೂ ಚಲನೆ ನಿಧಾನವಾಗುವುದರಿಂದ, ಇದನ್ನು ಪಾರ್ಶ್ವವಾಯುವಿನ ಒಂದು ಬಗೆಯೆಂದು ಕರೆಯುವುದು ಸರಿಯಲ್ಲವೆಂದು ಅಭಿಪ್ರಾಯಪಟ್ಟರು.

1912ರಲ್ಲಿ ಫ್ರೆಡ್ರಿಕ್ ಲೆವಿ ರೋಗಿಗಳ ನರಕೋಶಗಳೊಳಗೆ ಅಸಹಜ ಉಂಡೆಗಳನ್ನು ಕಂಡರು. ಇವು ಲೆವಿ ಕಾಯಗಳೆಂದು ಹೆಸರಾದವು. 1919ರಲ್ಲಿ ಕಾನ್‌ಸ್ಟಾಂಟಿನ್ ಟ್ರೆಟಿಯಾಕೊಫ್, ಮಿದುಳಿನ ನಡುಭಾಗದಲ್ಲಿ ಕಪ್ಪಾಗಿ ಕಾಣುವ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಪ್ರದೇಶದ ನರಕೋಶಗಳು ನಶಿಸಿರುವುದನ್ನು ತೋರಿಸಿದರು. ಪಾರ್ಕಿನ್ಸನ್ ಕೋರಿದ್ದ ಶವಪರೀಕ್ಷೆಯ ಉತ್ತರ ಹೀಗೆ ನೂರೆರಡು ವರ್ಷಗಳ ನಂತರ ದೊರೆಯಿತು.

ಈ ನರಕೋಶಗಳು ಏನನ್ನು ಉತ್ಪಾದಿಸುತ್ತವೆ ಎಂಬುದು 1950ರ ದಶಕದಲ್ಲಿ ತಿಳಿಯಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ನೀಡಿದಾಗ ಅವು ಚಲನೆಯಿಲ್ಲದೆ ಕುಳಿತವು. ಲೆವೊಡೋಪಾ ಕೊಟ್ಟಾಗ ಮತ್ತೆ ಚುರುಕಾದವು. ರೆಸರ್ಪಿನ್ ಭಾರತದಲ್ಲಿ ಹಿಂದಿನಿಂದಲೂ ಔಷಧಿಯಾಗಿ ಬಳಕೆಯಲ್ಲಿರುವ ಸರ್ಪಗಂಧದ ಬೇರಿನಿಂದ ದೊರೆಯುವ ರಾಸಾಯನಿಕ. ಡೋಪಮೈನ್ ಮಿದುಳಿನಲ್ಲಿ ತಾನೇ ಒಂದು ನರವಾಹಕ ಎಂದು ಕಾರ್ಲ್‌ಸನ್ ತೋರಿಸಿದರು. ಅವರಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. 1960ರಲ್ಲಿ ವಿಯೆನ್ನಾದ ಎರಿಂಗರ್ ಮತ್ತು ಹಾರ್ನಿಕಿವಿಚ್, ರೋಗಿಗಳ ಮಿದುಳಿನ ಸ್ಟ್ರೈಯೇಟಮ್ ಭಾಗದಲ್ಲಿ ಡೋಪಮೈನ್ ತೀವ್ರವಾಗಿ ಕುಗ್ಗಿರುವುದನ್ನು ಪತ್ತೆಹಚ್ಚಿದರು.

ತಳದ ನರಗ್ರಂಥಿಗಳ ಕಾರ್ಯವಿಧಾನ

ತಳದ ನರಗ್ರಂಥಿಗಳು ಮಿದುಳಿನ ಹೊರಪದರದಿಂದ ಸಂದೇಶ ಪಡೆದು, ಥಲಾಮಸ್ ಮೂಲಕ ಅದಕ್ಕೇ ಹಿಂದಿರುಗಿಸುವ ಸುತ್ತುಮಂಡಲವನ್ನು ರಚಿಸುತ್ತವೆ. ಇದರ ಹೊರದ್ವಾರವಾದ ಒಳ ಪ್ಯಾಲಿಡಮ್, ಥಲಾಮಸ್ಸನ್ನು ಸದಾ ತಡೆಹಿಡಿದಿರುತ್ತದೆ. ಸ್ಟ್ರೈಯೇಟಮ್‌ನಿಂದ ಹೊರಡುವ ನೇರ ಮಾರ್ಗ ಈ ತಡೆಯನ್ನು ಸಡಿಲಿಸಿ ಚಲನೆಗೆ ಅನುವು ಮಾಡಿಕೊಡುತ್ತದೆ. ಹೊರ ಪ್ಯಾಲಿಡಮ್ ಮತ್ತು ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಮೂಲಕ ಸಾಗುವ ಪರೋಕ್ಷ ಮಾರ್ಗ ತಡೆಯನ್ನು ಬಿಗಿಗೊಳಿಸುತ್ತದೆ. ಡೋಪಮೈನ್ ಡಿ1 ಗ್ರಾಹಕಗಳ ಮೂಲಕ ನೇರ ಮಾರ್ಗವನ್ನು ಉತ್ತೇಜಿಸುತ್ತದೆ, ಡಿ2 ಗ್ರಾಹಕಗಳ ಮೂಲಕ ಪರೋಕ್ಷ ಮಾರ್ಗವನ್ನು ತಗ್ಗಿಸುತ್ತದೆ. ಆದ್ದರಿಂದ ಡೋಪಮೈನ್ ಕಡಿಮೆಯಾದಾಗ ಎರಡು ಕಡೆಯಿಂದಲೂ ತಡೆ ಹೆಚ್ಚಿ, ಚಲನೆ ಆರಂಭವಾಗುವುದೇ ಕಷ್ಟವಾಗುತ್ತದೆ. ಹಂಟಿಂಗ್ಟನ್ ಕಾಯಿಲೆಯ ಆರಂಭದಲ್ಲಿ ಪರೋಕ್ಷ ಮಾರ್ಗದ ಕೋಶಗಳು ಮೊದಲು ನಶಿಸುವುದರಿಂದ ಇದಕ್ಕೆ ವಿರುದ್ಧವಾಗಿ, ತಡೆಯಿಲ್ಲದ ಅನೈಚ್ಛಿಕ ಚಲನೆಗಳು ಉಂಟಾಗುತ್ತವೆ.

ಈ ಮಾದರಿಯು 1980ರ ದಶಕದ ಕೊನೆಯಲ್ಲಿ ರೂಪುಗೊಂಡಿತು. ನಿಧಾನಗತಿಯನ್ನು ಇದು ಚೆನ್ನಾಗಿ ವಿವರಿಸುತ್ತದೆಯಾದರೂ ನಡುಕವನ್ನು ಪೂರ್ಣವಾಗಿ ವಿವರಿಸುವುದಿಲ್ಲ. ನಡುಕದಲ್ಲಿ ಕಿರುಮಿದುಳು ಮತ್ತು ಥಲಾಮಸ್ ನಡುವಣ ಸಂಪರ್ಕಗಳ ಪಾತ್ರವೂ ಇದೆ.

ಚಿಕಿತ್ಸೆಯ ಬೆಳವಣಿಗೆ

ಡೋಪಮೈನ್ ರಕ್ತದಿಂದ ಮಿದುಳಿಗೆ ದಾಟಲಾರದು. ಅದರ ಪೂರ್ವವಸ್ತುವಾದ ಲೆವೊಡೋಪಾ ದಾಟಬಲ್ಲದು. 1961ರಲ್ಲಿ ವಿಯೆನ್ನಾದಲ್ಲಿ ಇದರ ಚುಚ್ಚುಮದ್ದು ಪಡೆದ ರೋಗಿಗಳು ಅಲ್ಪಕಾಲ ಚೇತರಿಸಿಕೊಂಡರು. 1967ರಲ್ಲಿ ಅಮೆರಿಕದ ಜಾರ್ಜ್ ಕೋಟ್ಜಿಯಾಸ್ ಬಾಯಿಯ ಮೂಲಕ ಪ್ರಮಾಣವನ್ನು ನಿಧಾನವಾಗಿ ಏರಿಸುವ ಕ್ರಮ ಅನುಸರಿಸಿ ದೀರ್ಘಕಾಲದ ಫಲ ಪಡೆದರು. ಮಿದುಳಿನ ಹೊರಗೆ ಔಷಧಿ ವ್ಯಯವಾಗದಂತೆ ತಡೆಯುವ ಕಾರ್ಬಿಡೋಪಾ ಜೊತೆಗೂಡಿದ ಮೇಲೆ ವಾಕರಿಕೆಯಂತಹ ತೊಂದರೆಗಳು ತಗ್ಗಿದವು. ಕರ್ನಾಟಕದ ಬೇಲಿಗಳಲ್ಲಿ ಬೆಳೆಯುವ, ಮುಟ್ಟಿದರೆ ತುರಿಕೆ ತರುವ ನಸುಗುನ್ನಿಯ ಬೀಜಗಳಲ್ಲಿಯೂ ಲೆವೊಡೋಪಾ ಸಹಜವಾಗಿ ಇರುತ್ತದೆ. ಕಂಪವಾತಕ್ಕೆ ಆಯುರ್ವೇದ ವೈದ್ಯರು ಇದನ್ನು ಬಳಸುತ್ತಾರೆ.

ಲೆವೊಡೋಪಾ ರೋಗವನ್ನು ನಿಲ್ಲಿಸುವುದಿಲ್ಲ. ವರ್ಷಗಳು ಕಳೆದಂತೆ ಪ್ರತಿ ಮಾತ್ರೆಯ ಪ್ರಭಾವದ ಅವಧಿ ಕುಗ್ಗುತ್ತದೆ. ಅನೇಕರಲ್ಲಿ ಡೋಪಮೈನ್ ಏರಿದ ವೇಳೆ ಮೈ ತಾನಾಗಿ ಹೊರಳಾಡುವ ಡಿಸ್ಕೈನೇಷಿಯಾ ಕಾಣಿಸಿಕೊಳ್ಳುತ್ತದೆ. ಇಂತಹವರಿಗೆ ಶಸ್ತ್ರಚಿಕಿತ್ಸೆ ನೆರವಾಗಬಹುದು. 1952ರಲ್ಲಿ ಅಮೆರಿಕದ ಇರ್ವಿಂಗ್ ಕೂಪರ್ ಬೇರೊಂದು ಶಸ್ತ್ರಕ್ರಿಯೆ ನಡೆಸುವಾಗ ಹರಿದ ರಕ್ತನಾಳವನ್ನು ಕಟ್ಟಬೇಕಾಯಿತು. ರೋಗಿಯ ನಡುಕ ನಿಂತಿತು, ಆದರೆ ಆರನೆಯ ಪ್ರಕರಣದಂತೆ ಪಾರ್ಶ್ವವಾಯು ಉಂಟಾಗಲಿಲ್ಲ. ಮಿದುಳಿನ ಆಳದ ಕೇಂದ್ರಗಳನ್ನು ಗುರಿಯಾಗಿಸಿದರೆ ಶಕ್ತಿಯನ್ನು ಉಳಿಸಿಕೊಂಡೇ ನಡುಕವನ್ನು ತಗ್ಗಿಸಬಹುದು ಎಂಬುದಕ್ಕೆ ಇದು ಬಲ ನೀಡಿತು. 1987ರಲ್ಲಿ ಫ್ರಾನ್ಸಿನ ಅಲೀಂ ಲೂಯಿ ಬೆನಾಬಿದ್ ಥಲಾಮಸ್‌ಗೆ ನಿರಂತರ ವಿದ್ಯುತ್ ಪ್ರಚೋದನೆ ನೀಡುವ ವಿಧಾನವನ್ನು ಆರಂಭಿಸಿದರು. 1990ರ ದಶಕದಲ್ಲಿ ಇದೇ ವಿಧಾನವನ್ನು ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ಗೆ ವಿಸ್ತರಿಸಲಾಯಿತು. ಈ ಪ್ರಚೋದನೆಯನ್ನು ಅಗತ್ಯಕ್ಕೆ ತಕ್ಕಂತೆ ಹೊಂದಿಸಬಹುದು, ನಿಲ್ಲಿಸಲೂಬಹುದು.

ನಿಧನ ಮತ್ತು ಸ್ಮರಣೆ

ಪಾರ್ಕಿನ್ಸನ್ 1824ರ ಡಿಸೆಂಬರ್ 21ರಂದು ಪಾರ್ಶ್ವವಾಯುವಿನಿಂದ ನಿಧನರಾದರು. ತಾವು ದೀಕ್ಷಾಸ್ನಾನ ಪಡೆದಿದ್ದ ಶೋರ್‌ಡಿಚ್‌ನ ಸಂತ ಲಿಯೊನಾರ್ಡ್ ಚರ್ಚಿನ ಆವರಣದಲ್ಲಿಯೇ ಅವರನ್ನು ಸಮಾಧಿ ಮಾಡಲಾಯಿತು. ಅವರ ಅಧಿಕೃತ ಭಾವಚಿತ್ರ ಯಾವುದೂ ಉಳಿದಿಲ್ಲ. ಅವರದೆಂದು ಪ್ರಚಾರದಲ್ಲಿರುವ ಛಾಯಾಚಿತ್ರಗಳು ಅದೇ ಹೆಸರಿನ ಬೇರೆ ವ್ಯಕ್ತಿಗಳವು. ಜನರ ಛಾಯಾಚಿತ್ರ ತೆಗೆಯುವ ತಂತ್ರ ಬಳಕೆಗೆ ಬರುವ ಮೊದಲೇ ಅವರು ತೀರಿಕೊಂಡಿದ್ದರು.

ಅವರ ಜನ್ಮದಿನವಾದ ಏಪ್ರಿಲ್ 11ನ್ನು ವಿಶ್ವ ಪಾರ್ಕಿನ್ಸನ್ ದಿನವೆಂದು ಆಚರಿಸಲಾಗುತ್ತದೆ. ನೆದರ್ಲೆಂಡ್ಸಿನ ತೋಟಗಾರರೊಬ್ಬರು ಬೆಳೆಸಿದ ಕೆಂಪು ಬಿಳಿ ಬಣ್ಣದ ಟುಲಿಪ್ ತಳಿಗೆ 'ಡಾ. ಜೇಮ್ಸ್ ಪಾರ್ಕಿನ್ಸನ್' ಎಂದು ಹೆಸರಿಡಲಾಗಿದ್ದು, ಕೆಂಪು ಟುಲಿಪ್ ಹೂವು ಈ ರೋಗದ ಕುರಿತ ಜಾಗೃತಿಯ ಲಾಂಛನವಾಗಿದೆ.