ಅಂಗಡಿಯ ಫಿಲ್ಟರ್ ಹಿಂದೆ ಒಬ್ಬ ಗ್ರಂಥಪಾಲಕ

ಆನ್‌ಲೈನ್‌ನಲ್ಲಿ ಅಂಗಿ ಕೊಳ್ಳಲು ಹೋದರೆ ಪರದೆಯ ಒಂದು ಬದಿಯಲ್ಲಿ ಅಳತೆ, ಬಣ್ಣ, ಬಟ್ಟೆ, ಬೆಲೆ ಎಂಬ ಪಟ್ಟಿಗಳು ಕಾಣುತ್ತವೆ. ಹತ್ತಿ ಬಟ್ಟೆ, ನೀಲಿ ಬಣ್ಣ, 40ರ ಅಳತೆ, ಸಾವಿರ ರೂಪಾಯಿಯೊಳಗೆ ಎಂದು ಒಂದೊಂದೇ ಟಿಕ್ ಮಾಡುತ್ತ ಹೋದಂತೆ ಸಾವಿರಾರು ಅಂಗಿಗಳು ಹತ್ತಿಪ್ಪತ್ತಕ್ಕೆ ಇಳಿಯುತ್ತವೆ. ಯಾವುದನ್ನು ಮೊದಲು ಟಿಕ್ ಮಾಡಿದರೂ ನಡೆಯುತ್ತದೆ. ಪುಣೆಯ ಕೋಥರೂಡದಲ್ಲಿ ಕೂತು ಇಂಥ ಹುಡುಕಾಟದ ತಂತ್ರಾಂಶ ಬರೆಯುವುದೇ ನನ್ನ ಹೊಟ್ಟೆಪಾಡು. ನಮ್ಮ ಕಸುಬಿನಲ್ಲಿ ಈ ಪಟ್ಟಿಗಳನ್ನು ಫ್ಯಾಸೆಟ್ ಎಂದು ಕರೆಯುತ್ತೇವೆ. ಅಂದರೆ ವಜ್ರಕ್ಕೆ ಇರುವಂತೆ ಒಂದೇ ವಸ್ತುವಿಗೆ ಇರುವ ಹಲವು ಮುಖಗಳು. ಎಂಟೆಕ್ ಓದುವಾಗ ಪಠ್ಯದಲ್ಲಿ ಈ ಪದದ ವಿವರಣೆ ಇತ್ತು, ಅದರ ಊರು-ಕೇರಿ ಇರಲಿಲ್ಲ. ಹುಡುಕುತ್ತ ಹೋದಾಗ ಸಿಕ್ಕವರು ಮಂಗಳೂರಿನಲ್ಲಿ ಮೇಷ್ಟರಾಗಿ ಬದುಕು ಆರಂಭಿಸಿ ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದ ಒಬ್ಬ ಗ್ರಂಥಪಾಲಕ: ಶಿಯಾಳಿ ರಾಮಾಮೃತ ರಂಗನಾಥನ್.

ರಂಗನಾಥನ್ ಹುಟ್ಟಿದ್ದು 1892ರಲ್ಲಿ, ಅಂದಿನ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಮಾತನಾಡುವಾಗ ತೊದಲು ಬೇರೆ. ಆದರೂ ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತದ ಎಂಎ ಮುಗಿಸಿ, ಮೇಷ್ಟರಾಗಬೇಕೆಂದೇ ಹೊರಟರು. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಇಂದು ಹಂಪನಕಟ್ಟೆಯಲ್ಲಿ ವಿಶ್ವವಿದ್ಯಾನಿಲಯ ಕಾಲೇಜು ಎಂಬ ಹೆಸರಿನಲ್ಲಿ ಇರುವುದು ಅದೇ ಕಾಲೇಜು. ಅಲ್ಲಿಂದ ಕೊಯಮತ್ತೂರು, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಪಾಠ ಮಾಡುವುದು ಅವರಿಗೆ ಇಷ್ಟದ ಕೆಲಸ, ಸಂಬಳ ಮಾತ್ರ ಸಾಲುತ್ತಿರಲಿಲ್ಲ. ಮದ್ರಾಸ್ ವಿಶ್ವವಿದ್ಯಾಲಯ ತನ್ನ ಮೊದಲ ಗ್ರಂಥಪಾಲಕರಿಗಾಗಿ ಅರ್ಜಿ ಕರೆದಾಗ ಅವರೂ ಹಾಕಿದರು. 1924ರ ಜನವರಿಯಲ್ಲಿ ಆ ಹುದ್ದೆಗೆ ಸೇರಿದಾಗ ಗ್ರಂಥಾಲಯದ ಕೆಲಸದ ಬಗ್ಗೆ ಅವರಿಗೆ ಹೆಚ್ಚೇನೂ ತಿಳಿದಿರಲಿಲ್ಲ.

ಕೆಲಸ ಸಿಕ್ಕಿತು, ಮನಸ್ಸು ನಿಲ್ಲಲಿಲ್ಲ. ವಿದ್ಯಾರ್ಥಿಗಳಿಂದ ತುಂಬಿದ ತರಗತಿಯಿಂದ ಬಂದವರಿಗೆ ಓದುಗರೇ ಇಲ್ಲದ ಕೋಣೆಯಲ್ಲಿ ಕೂರುವುದು ಶಿಕ್ಷೆಯಾಯಿತು. ತಿರುಗಿ ಕಾಲೇಜಿಗೆ ಕಳಿಸಿಬಿಡಿ ಎಂದು ಪ್ರಿನ್ಸಿಪಾಲರ ಬಳಿ ಹೋದರು. ಅಲ್ಲಿ ಒಂದು ಒಪ್ಪಂದವಾಯಿತು. ಹೇಗೂ ತರಬೇತಿಗೆಂದು ಲಂಡನ್‌ಗೆ ಹೋಗುವುದಿದೆ, ಹೋಗಿ ಬಂದ ಮೇಲೂ ಬೇಸರ ಹೋಗದಿದ್ದರೆ ಹಳೆಯ ಕೆಲಸ ಕಾದಿರುತ್ತದೆ ಎಂದು. ಬೇಸರದಿಂದ ಹಡಗು ಹತ್ತಿದ ಗಣಿತದ ಮೇಷ್ಟರು ಆ ಹಳೆಯ ಕೆಲಸವನ್ನು ಮತ್ತೆ ಕೇಳಲಿಲ್ಲ.

ದೇಶದಿಂದ ದೇಶಕ್ಕೆ ಗ್ರಂಥಾಲಯದ ವಿದ್ಯೆ ಹರಿಯುವುದು ಅದಾಗಲೇ ಶುರುವಾಗಿತ್ತು. ಬರೋಡೆಯ ಸಯಾಜಿರಾವ್ ಗಾಯಕವಾಡರು ಅಮೆರಿಕದ ಗ್ರಂಥಾಲಯಗಳನ್ನು ನೋಡಿ ಬಂದು, 1910ರಲ್ಲಿ ವಿಲಿಯಂ ಬೋರ್ಡನ್ ಎಂಬ ಅಮೆರಿಕನ್ನರನ್ನು ಕರೆಸಿ ತಮ್ಮ ಸಂಸ್ಥಾನದಲ್ಲಿ ಉಚಿತ ಗ್ರಂಥಾಲಯಗಳ ಜಾಲ ಕಟ್ಟಿಸಿದ್ದರು. 1915ರಲ್ಲಿ ಏಸಾ ಡಿಕಿನ್ಸನ್ ಎಂಬ ಇನ್ನೊಬ್ಬ ಅಮೆರಿಕನ್ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ತರಬೇತಿ ಕೊಟ್ಟಿದ್ದರು. ಅಲ್ಲಿಯವರೆಗೆ ಎಲ್ಲವೂ ಒಂದೇ ದಿಕ್ಕಿನ ಹರಿವು. ಅವರು ಕಲಿಸುವವರು, ನಾವು ಕಲಿಯುವವರು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗ್ರಂಥಾಲಯ ಶಾಲೆಯಲ್ಲಿ ರಂಗನಾಥನ್ ಅವರಿಗೆ ವರ್ಗೀಕರಣದ ಪಾಠ ಹೇಳಿದವರು ಬರ್ವಿಕ್ ಸೇಯರ್ಸ್. ಅವರು ಕ್ರಾಯ್ಡನ್ ಪಟ್ಟಣದ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರೂ ಹೌದು. ತರಗತಿಗಿಂತ ಹೊರಗೆ ಕಲಿಯುವುದು ಹೆಚ್ಚಿದೆ ಎಂದು ಗುರುಗಳು ಶಿಷ್ಯನನ್ನು ಊರೂರಿನ ಗ್ರಂಥಾಲಯಗಳಿಗೆ ಅಟ್ಟಿದರು. ಮಕ್ಕಳಿಗೆ ಬೇರೆ ಕೋಣೆ, ಕಾರ್ಖಾನೆಯಿಂದ ಬಂದ ಕೆಲಸಗಾರನಿಗೂ ಪುಸ್ತಕ, ಬೀರುಗಳ ನಡುವೆ ಓದುಗರೇ ಓಡಾಡಿ ಆರಿಸುವ ಸ್ವಾತಂತ್ರ್ಯ. ಪುಸ್ತಕವನ್ನು ಬೀಗ ಹಾಕಿ ಕಾಯುವುದೇ ಗ್ರಂಥಪಾಲಕನ ಕೆಲಸ ಎಂದುಕೊಂಡಿದ್ದ ದೇಶದಿಂದ ಹೋದವರಿಗೆ ಇದೆಲ್ಲ ಹೊಸದು.

ಆದರೆ ಗಣಿತದ ಕಣ್ಣಿಗೆ ಒಂದು ಕೊರತೆ ಕಂಡಿತು. ಒಂದೊಂದು ಗ್ರಂಥಾಲಯ ಒಂದೊಂದು ರೀತಿ, ಎಲ್ಲವನ್ನೂ ಹಿಡಿದಿಡುವ ಸೂತ್ರವಿಲ್ಲ. ಪುಸ್ತಕ ಜೋಡಿಸಲು ಎಲ್ಲೆಡೆ ಪ್ರಸಿದ್ಧವಾಗಿದ್ದುದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿ. ಅದರಲ್ಲಿ ಜಗತ್ತಿನ ವಿಷಯಗಳಿಗೆಲ್ಲ ಮೊದಲೇ ನಂಬರ್ ಕೊಟ್ಟು ಪಟ್ಟಿ ಮಾಡಿಡಲಾಗಿದೆ. ಇಂಗ್ಲಿಷ್, ಜರ್ಮನ್, ಫ್ರೆಂಚ್ ಸಾಹಿತ್ಯಗಳಿಗೆ ಒಂದೊಂದು ದೊಡ್ಡ ಮನೆ. 890 ಎಂಬುದು ಉಳಿದವರೆಲ್ಲರ ವಠಾರ. ಪಂಪನಿಂದ ಕುವೆಂಪುವರೆಗಿನ ಕನ್ನಡ ಸಾಹಿತ್ಯ ಅಷ್ಟೂ ಇಂದಿಗೂ ಆ ವಠಾರದ 894.814 ಎಂಬ ಕೋಣೆಯಲ್ಲಿದೆ. ಡ್ಯೂಯಿ ಅವರ ಊರಿನ ಓದುಗರಿಗೆ ಅದು ಸರಿಯಿತ್ತು, ನಮ್ಮ ಊರಿನವರಿಗಲ್ಲ.

ದಾರಿ ತೋರಿದ್ದು ಲಂಡನ್ನಿನ ಒಂದು ದೊಡ್ಡ ಅಂಗಡಿಯಲ್ಲಿ ಕಂಡ ಮೆಕ್ಯಾನೋ ಎಂಬ ಆಟದ ಸಾಮಾನು. ತೂತು ಕೊರೆದ ಕೆಲವೇ ಪಟ್ಟಿಗಳು, ಒಂದಿಷ್ಟು ನಟ್ಟು-ಬೋಲ್ಟು. ಅವುಗಳಿಂದಲೇ ಒಮ್ಮೆ ಸೇತುವೆ, ಒಮ್ಮೆ ಗಾಡಿ. ವಿಷಯಗಳನ್ನೂ ಹೀಗೇ ಕಟ್ಟಿದರೆ ಹೇಗೆ ಎಂದು ಅವರಿಗೆ ಹೊಳೆಯಿತು. ಎಲ್ಲ ವಿಷಯಗಳನ್ನೂ ಮೊದಲೇ ಎಣಿಸಿಡುವ ಬದಲು ಬಿಡಿ ಭಾಗಗಳನ್ನಷ್ಟೇ ಪಟ್ಟಿ ಮಾಡಿ, ಪುಸ್ತಕ ಬಂದಾಗ ಬೇಕಾದವನ್ನು ಜೋಡಿಸುವುದು. ಜೋಡಿಸುವ ಬೋಲ್ಟಾಗಿ ಅವರು ಆರಿಸಿದ್ದು ಎರಡು ಚುಕ್ಕಿಯ ಕೋಲನ್ ಚಿಹ್ನೆ.

ನಮ್ಮ ಕಡೆಯ ಉದಾಹರಣೆಯಲ್ಲೇ ಹೇಳುತ್ತೇನೆ. ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗ ತಡೆಯುವುದರ ಕುರಿತು ಒಂದು ಪುಸ್ತಕವಿದೆ ಎನ್ನಿ. ಇಷ್ಟು ಸೂಕ್ಷ್ಮ ವಿಷಯಕ್ಕೆ ಮೊದಲೇ ನಂಬರ್ ಇಟ್ಟಿರುವುದು ಯಾವ ಪಟ್ಟಿಯಲ್ಲೂ ಕಷ್ಟ. ರಂಗನಾಥನ್ ಪದ್ಧತಿಯಲ್ಲಿ ಅದನ್ನು ಬಿಡಿಸಿ ನೋಡಬೇಕು. ಬೆಳೆ ಅಡಿಕೆ, ಸಮಸ್ಯೆ ರೋಗ, ಕ್ರಿಯೆ ತಡೆಗಟ್ಟುವಿಕೆ, ಸ್ಥಳ ಮಲೆನಾಡು, ಬೇಕಿದ್ದರೆ ಕಾಲವೂ ಸೇರುತ್ತದೆ. ಪ್ರತಿ ಮುಖಕ್ಕೂ ತನ್ನದೇ ಸಂಕೇತವಿದೆ, ಜೋಡಿಸಿದರೆ ಪುಸ್ತಕದ ವಿಳಾಸ ಸಿದ್ಧ. ನಾಳೆ ತೆಂಗಿನ ರೋಗದ ಪುಸ್ತಕ ಬಂದರೆ ಬೆಳೆಯ ಸಂಕೇತವನ್ನು ಬದಲಿಸಿದರಾಯಿತು. ಅಂಗಡಿಯ ಅಂಗಿಗೆ ಬಣ್ಣ, ಅಳತೆ ಎಂದು ನಾವು ಮಾಡುವುದೂ ಇದನ್ನೇ.

1925ರಲ್ಲಿ ಮದ್ರಾಸಿಗೆ ಮರಳಿದವರು ಮುಂದಿನ ಎರಡು ದಶಕ ಆ ಗ್ರಂಥಾಲಯದಲ್ಲೇ ಮುಳುಗಿದರು. ಬೀರುಗಳ ಬಾಗಿಲು ಓದುಗರಿಗೆ ತೆರೆಯಿತು. 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ, ಮರುವರ್ಷ ತರಬೇತಿ ಶಾಲೆ. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಪುಸ್ತಕ, 1933ರಲ್ಲಿ ಕೋಲನ್ ವರ್ಗೀಕರಣ. ಸೂತ್ರಗಳ ತಿರುಳು ಸರಳ. ಪುಸ್ತಕ ಇರುವುದು ಬಳಸಲಿಕ್ಕೆ. ಪ್ರತಿ ಓದುಗನಿಗೂ ಅವನಿಗೆ ಬೇಕಾದ ಪುಸ್ತಕ ಸಿಗಬೇಕು. ಪ್ರತಿ ಪುಸ್ತಕವೂ ತನ್ನ ಓದುಗನನ್ನು ತಲುಪಬೇಕು. ಹುಡುಕುವವರ ಸಮಯ ಹಾಳಾಗಬಾರದು. ಐದನೆಯದು, ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ ಎಂಬುದು. ಮೊದಲ ಸೂತ್ರವನ್ನು ಸೂಚಿಸಿದವರು ಅವರ ಗಣಿತದ ಗುರು ಎಡ್ವರ್ಡ್ ರಾಸ್.

ಆಮೇಲೆ ಬನಾರಸ್, ದೆಹಲಿ ವಿಶ್ವವಿದ್ಯಾಲಯಗಳು. ಅಷ್ಟರಲ್ಲಿ ಹರಿವಿನ ದಿಕ್ಕು ತಿರುಗಿತ್ತು. 1950ರಲ್ಲಿ ಶುರುವಾದ ಬ್ರಿಟನ್ನಿನ ರಾಷ್ಟ್ರೀಯ ಗ್ರಂಥಸೂಚಿ ತನ್ನ ವಿಷಯ ಸೂಚಿಯನ್ನು ತಯಾರಿಸಲು ರಂಗನಾಥನ್ ರೂಪಿಸಿದ್ದ ಸರಣಿ ವಿಧಾನವನ್ನು ತೆಗೆದುಕೊಂಡಿತು. 1952ರಲ್ಲಿ ಲಂಡನ್ನಿನ ಕೆಲವು ಗ್ರಂಥಪಾಲಕರು ವರ್ಗೀಕರಣ ಸಂಶೋಧನಾ ಗುಂಪು ಕಟ್ಟಿಕೊಂಡರು. ಮಾಹಿತಿ ಹುಡುಕುವ ಎಲ್ಲ ವಿಧಾನಗಳಿಗೂ ಈ ಮುಖಗಳ ವಿಶ್ಲೇಷಣೆಯೇ ತಳಹದಿಯಾಗಬೇಕು ಎಂಬ ನಿಲುವಿಗೆ 1955ರಲ್ಲಿ ಬಂದರು. ತಾನು ಕಲಿಯಲು ಹೋಗಿದ್ದ ಊರಿಗೆ ಮೂವತ್ತು ವರ್ಷದಲ್ಲಿ ಕಲಿಸುವವರಾದರು. ಹೆನ್ರಿ ಬ್ಲಿಸ್ ಎಂಬ ಅಮೆರಿಕನ್ ರೂಪಿಸಿದ್ದ ವರ್ಗೀಕರಣವನ್ನು ಬ್ರಿಟಿಷರು 1977ರಿಂದ ಹೊಸದಾಗಿ ಹೊರತಂದಾಗ ಅದರೊಳಗೆ ತುಂಬಿದ್ದೂ ಇದೇ ವಿಚಾರ. ಡ್ಯೂಯಿ ಪದ್ಧತಿಯೇ 1989ರ ಆವೃತ್ತಿಯಲ್ಲಿ ಸಂಗೀತದ ವಿಭಾಗವನ್ನು ಈ ಮಾದರಿಯಲ್ಲಿ ಬಿಡಿಸಿ ಕಟ್ಟಿತು.

ಕೋಲನ್ ಪದ್ಧತಿ ಮಾತ್ರ ಗೆಲ್ಲಲಿಲ್ಲ, ಅದನ್ನೂ ಹೇಳಬೇಕು. ಅದರ ಸಂಕೇತಗಳು ಕಠಿಣ, ಆವೃತ್ತಿಯಿಂದ ಆವೃತ್ತಿಗೆ ನಿಯಮಗಳು ಬದಲಾದವು. ಒಮ್ಮೆ ಬೆನ್ನಿಗೆ ನಂಬರ್ ಅಂಟಿಸಿದ ಲಕ್ಷ ಪುಸ್ತಕಗಳನ್ನು ಮತ್ತೆ ಮತ್ತೆ ಬದಲಿಸಲು ಯಾರಿಗೆ ಪುರುಸೊತ್ತು? ನಮ್ಮ ಹೆಚ್ಚಿನ ಗ್ರಂಥಾಲಯಗಳು ಡ್ಯೂಯಿಯಲ್ಲೇ ಉಳಿದವು. ಕಾಗದದ ಚೀಟಿಯ ಕಾಲಕ್ಕೆ ಭಾರವಾಗಿದ್ದ ವಿಚಾರ ಕಂಪ್ಯೂಟರಿಗೆ ಹಗುರವಾಯಿತು. ಕಪಾಟಿನಲ್ಲಿ ಪುಸ್ತಕಕ್ಕೆ ಒಂದೇ ಜಾಗ, ಪರದೆಯಲ್ಲಿ ಎಷ್ಟು ಮುಖಗಳಿಂದ ಬೇಕಾದರೂ ತಲುಪಬಹುದು. ಕೊಡು-ಕೊಳ್ಳುವಿಕೆ ಈಗಲೂ ನಿಂತಿಲ್ಲ. ಭಾರತದ ಎಷ್ಟೋ ಕಾಲೇಜುಗಳಲ್ಲಿರುವ ಕೋಹಾ ಎಂಬ ಉಚಿತ ಗ್ರಂಥಾಲಯ ತಂತ್ರಾಂಶ ಹುಟ್ಟಿದ್ದು ನ್ಯೂಜಿಲೆಂಡಿನ ಒಂದು ಚಿಕ್ಕ ಗ್ರಂಥಾಲಯ ಸಂಸ್ಥೆಗಾಗಿ. ಮಾವೋರಿ ಭಾಷೆಯಲ್ಲಿ ಆ ಹೆಸರಿಗೆ ಉಡುಗೊರೆ ಎಂಬ ಅರ್ಥವಿದೆ. ಅದರ ಹುಡುಕು ಪುಟದ ಬದಿಯಲ್ಲೂ ಲೇಖಕ, ವಿಷಯ ಎಂಬ ಫ್ಯಾಸೆಟ್‌ಗಳಿವೆ!

ಜೂರಿಕ್‌ನಲ್ಲಿ ಕೆಲಕಾಲ ಇದ್ದು 1957ರಲ್ಲಿ ರಂಗನಾಥನ್ ಬೆಂಗಳೂರಿಗೆ ಬಂದು ನೆಲೆಸಿದರು. ಅಷ್ಟು ಹೊತ್ತಿಗೆ ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಯನ್ನು ಪತ್ನಿ ಶಾರದಾ ಅವರ ಹೆಸರಿನ ಪೀಠಕ್ಕಾಗಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟಾಗಿತ್ತು. ಎಪ್ಪತ್ತರ ವಯಸ್ಸಿನಲ್ಲಿ, 1962ರಲ್ಲಿ, ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪಿಸಿದರು. ಡಿಆರ್‌ಟಿಸಿ ಎಂಬ ಹೆಸರಿನಲ್ಲಿ ಅದು ಮೈಸೂರು ರಸ್ತೆಯಲ್ಲಿ ಇಂದಿಗೂ ನಡೆಯುತ್ತಿದೆ. 1965ರಲ್ಲಿ ಕೇಂದ್ರ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ನೇಮಿಸಿತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಆಗಸ್ಟ್ 12ನ್ನು ದೇಶ ಗ್ರಂಥಪಾಲಕರ ದಿನವಾಗಿ ಆಚರಿಸುವುದು ಅವರ ನೆನಪಿನಲ್ಲಿ.

ಆದರೆ ಊರು ಬಿಟ್ಟು ಬಂದ ನಮಗೆ ಅವರು ಬಿಟ್ಟುಹೋದ ಮುಖ್ಯ ಆಸ್ತಿ ಇನ್ನೊಂದಿದೆ, ಅದು ಕಾನೂನು. ಗ್ರಂಥಾಲಯ ದಾನಿಗಳ ಕೃಪೆಯಿಂದ ನಡೆಯಬಾರದು, ಶಾಲೆ-ಆಸ್ಪತ್ರೆಯಂತೆ ಅದಕ್ಕೂ ಖಾಯಂ ಹಣ ಬೇಕು ಎಂದು ಅವರು 1930ರಿಂದಲೇ ಮಾದರಿ ಮಸೂದೆಗಳನ್ನು ಬರೆಯುತ್ತಿದ್ದರು. 1948ರಲ್ಲಿ ಮದ್ರಾಸ್ ಕಾಯ್ದೆ ಬಂತು. ಅವರು ಬೆಂಗಳೂರಿನಲ್ಲಿ ಇದ್ದಾಗಲೇ, 1965ರಲ್ಲಿ, ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಅವರು ಪ್ರತಿಪಾದಿಸಿದ ಗ್ರಂಥಾಲಯ ಕರ ಅದರಲ್ಲಿದೆ. ಆಸ್ತಿ ತೆರಿಗೆಯ ಪ್ರತಿ 100 ರೂಪಾಯಿಗೆ ಇಂದು 6 ರೂಪಾಯಿ.

ಇದರ ಬೆಲೆ ಗೊತ್ತಾಗಬೇಕಾದರೆ ಮಹಾರಾಷ್ಟ್ರದಲ್ಲಿ ಇರಬೇಕು. ಇಲ್ಲಿಯ 1967ರ ಕಾಯ್ದೆಯಲ್ಲಿ ಅಂಥ ಕರ ಇಲ್ಲ. ಸಂಘ-ಸಂಸ್ಥೆಗಳು ನಡೆಸುವ ವಾಚನಾಲಯಗಳಿಗೆ ಸರ್ಕಾರ ಅನುದಾನ ಕೊಡುತ್ತದೆ. ಪುಣೆಯ ನಗರ ವಾಚನ ಮಂದಿರದ ಇತಿಹಾಸ 1848ಕ್ಕೆ ಹೋಗುತ್ತದೆ. ಕೋಥರೂಡದಲ್ಲಿ ನಾನು ತಿಂಗಳ ವರ್ಗಣಿ ಕಟ್ಟಿ ಪುಸ್ತಕ ತರುತ್ತೇನೆ. ಜನರೇ ಮುಂದೆ ನಿಂತು ನಡೆಸುವ ಈ ಪದ್ಧತಿಯಲ್ಲಿ ಒಂದು ಅಕ್ಕರೆಯಿದೆ, ಓದುಗ ಬೇಡಿದ ಪುಸ್ತಕ ಬೇಗ ಬರುತ್ತದೆ. ನಮ್ಮ ಪದ್ಧತಿಯಲ್ಲಿ ಹಳ್ಳಿಯ ಓದುಗನಿಗೂ ಹಕ್ಕಿದೆ. ಆದರೆ ಸಂಗ್ರಹವಾದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಇಲಾಖೆಗೆ ದಾಟಿಸದೆ ಬಾಕಿ ಇಟ್ಟುಕೊಂಡ ಸುದ್ದಿ ವರ್ಷವರ್ಷವೂ ಓದುತ್ತೇವೆ. ಕರವಿದ್ದು ಪುಸ್ತಕವಿಲ್ಲದಿದ್ದರೆ ಕಾಯ್ದೆಯಿಂದ ಏನು ಬಂತು? ಇಲ್ಲಿಂದ ಅವರು ನಮ್ಮ ಕರ ಕಲಿಯಬಹುದು, ನಾವು ಅವರ ಅಕ್ಕರೆ ಕಲಿಯಬಹುದು. ಹಾಗೆ ನೋಡಿ, ಬೇಕಾದಷ್ಟನ್ನು ತೆಗೆದುಕೊಂಡು, ನಮಗೆ ಒಗ್ಗುವಂತೆ ತಿದ್ದಿಕೊಳ್ಳುವುದನ್ನೇ ರಂಗನಾಥನ್ ಲಂಡನ್ನಿನಲ್ಲಿ ಮಾಡಿದ್ದು.

ಊರಿನಲ್ಲಿ ಮನೆ-ಸೈಟು ಇಟ್ಟುಕೊಂಡು ಹೊರರಾಜ್ಯದಿಂದ ಆನ್‌ಲೈನ್‌ನಲ್ಲಿ ತೆರಿಗೆ ಕಟ್ಟುವವರು ನಮ್ಮಲ್ಲಿ ಬಹಳ ಜನ. ಈ ಸಲ ಕಟ್ಟುವಾಗ ಸೆಸ್ ಎಂಬ ಸಾಲನ್ನು ಒಮ್ಮೆ ನೋಡಿ, ಅದರಲ್ಲಿ ಗ್ರಂಥಾಲಯದ ಪಾಲೂ ಸೇರಿದೆ. ರಜೆಗೆ ಹೋದಾಗ ನೀವು ದುಡ್ಡು ಕೊಡುತ್ತಿರುವ ಆ ಗ್ರಂಥಾಲಯದ ಮೆಟ್ಟಿಲು ಹತ್ತಿ, ನಿಮಗೆ ಬೇಕಾದ ಒಂದು ಪುಸ್ತಕ ಕೇಳಿ. ಇಲ್ಲವೆಂದರೆ ತರಿಸಿಕೊಡಿ ಎಂದು ಬರೆದುಕೊಟ್ಟು ಬನ್ನಿ. ಮುಂದಿನ ರಜೆಗೆ ಹೋದಾಗ ಬಂದಿದೆಯೇ ಎಂದು ವಿಚಾರಿಸಿ.